ಅಲಸಂದೆಯ ಬೇರಿನ ಗಂಟು

"ಗುರುಗಳೇ, ಅಂಟಿಕೊಂಡದ್ದನ್ನು ಕಿತ್ತು ಹಾಕುವುದು ಹೇಗೆ?" ಎಂದು ಶಿಷ್ಯ ಕೇಳಿದ. ಹೆಂಡತಿ ತೀರಿಕೊಂಡ ಮೇಲೆ ಮಠಕ್ಕೆ ಬಂದವನು ಅವನು. ಅವಳ ಸೀರೆ, ಪಾತ್ರೆ ಎಲ್ಲವನ್ನೂ ಕೊಟ್ಟು ಬಂದಿದ್ದ. "ಅವಳ ನೆನಪು ಮಾತ್ರ ಬಿಡುತ್ತಿಲ್ಲ. ಅದನ್ನೂ ಕಿತ್ತರೆ ಹಗುರಾಗುತ್ತೇನೆ."

ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಊರಾಚೆಯ ಜಲ್ಲಿ ನೆಲ ಒಡೆದು ಒಂದು ಹೊಲ ಮಾಡಿಕೊಂಡಿದ್ದ. ಎರಡು ವರ್ಷ ಅಲ್ಲಿ ಅಲಸಂದೆ ಬಿತ್ತಿದ. ಎರಡು ವರ್ಷವೂ ಗಿಡ ಗೇಣುದ್ದ ಎದ್ದು, ಹಳದಿಯಾಗಿ, ನಿಂತುಬಿಟ್ಟಿತು. ಮೂರನೆಯ ವರ್ಷ ಅವನಿಗೆ ಮದುವೆಯಾಯಿತು.

ಬಿತ್ತನೆಯ ಹಿಂದಿನ ದಿನ ಹೆಂಡತಿ ತವರಿನ ಅಲಸಂದೆ ಹೊಲದಿಂದ ಒಂದಿಷ್ಟು ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಬೆಲ್ಲದ ನೀರಿನಲ್ಲಿ ಅದನ್ನು ಕಲಸಿ, ಬೀಜಕ್ಕೆಲ್ಲ ಸವರಿ, ನೆರಳಿನಲ್ಲಿ ಆರಲು ಹರಡಿದಳು. ಹೊಸ ಹೊಲಕ್ಕೆ ಹಾಗೆ ಮಾಡುವುದು ಅವಳ ಊರಿನ ವಾಡಿಕೆ.

ರೈತ ನಕ್ಕ. "ನಮ್ಮೂರಲ್ಲಿ ಮಣ್ಣಿಗೆ ಬರವೇನೇ?"

"ನಿಮ್ಮೂರಲ್ಲಿ ಹೆಣ್ಣಿಗೂ ಬರ ಇರಲಿಲ್ಲ. ನನ್ನ ಯಾಕೆ ತಂದ್ರಿ?" ಎಂದಳು ಅವಳು.

ಇಬ್ಬರೂ ಕೂಡಿ ಬಿತ್ತಿದರು. ಮೊಳಕೆ ಮೇಲೆ ಬರುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಎಂಟು ದಿನ ಮಲಗಿದಳು. ಒಂಬತ್ತನೆಯ ದಿನ ಇರಲಿಲ್ಲ.

ಹೊಲ ಮಾತ್ರ ಎದ್ದಿತು. ಜಲ್ಲಿ ನೆಲದಲ್ಲಿ ಅಂಥ ಹಸಿರನ್ನು ಯಾರೂ ಕಂಡಿರಲಿಲ್ಲ. ಅವಳ ಕೈ ಮುಟ್ಟಿದ್ದು ಎಂದು ಅವನಿಗೆ ಉಳಿದದ್ದು ಅದೊಂದೇ. ದಿನವೂ ಹೋಗಿ ಬದುವಿನ ಮೇಲೆ ಕೂರುತ್ತಿದ್ದ.

ಆಮೇಲೆ ಮಳೆ ಹಿಂದೆ ಸರಿಯಿತು. ಇಪ್ಪತ್ತು ದಿನ ಒಂದು ಹನಿ ಇಲ್ಲ. ಅಕ್ಕಪಕ್ಕದ ಹೊಲಗಳಲ್ಲಿ ಗಿಡ ಬಾಡಿ ಮಲಗಿತು. ಅವನ ಗಿಡ ಮಧ್ಯಾಹ್ನ ಎಲೆ ಇಳಿಸುವುದು, ಸಂಜೆ ಮತ್ತೆ ಎತ್ತುವುದು. ಏನಿದರ ಗುಟ್ಟು ಎಂದು ಒಂದು ಗಿಡ ಕಿತ್ತು ನೋಡಿದ.

ಬೇರಿನ ತುಂಬ ಗಂಟು. ಕೊತ್ತಂಬರಿ ಕಾಳಿನಷ್ಟು ಗಾತ್ರ. ಇನ್ನೊಂದು ಕಿತ್ತ. ಅದರಲ್ಲೂ ಗಂಟು.

ರೋಗ ಎಂದುಕೊಂಡ. ತವರಿನ ಮಣ್ಣಿನ ಜೊತೆ ಅವಳು ಈ ಪೀಡೆಯನ್ನೂ ತಂದು ಬಿತ್ತಿ ಹೋದಳೇ? ಹಾಗೆ ಎಣಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ತಾನೇ ಹೀಗೆ ಎಣಿಸಿದ ಮೇಲೆ ಊರಿನವರು ಆಡದೆ ಬಿಟ್ಟಾರೇ? ಸತ್ತವಳ ಮೇಲೆ ಒಂದು ಮಾತು ಬರಕೂಡದು. ಯಾರ ಕಣ್ಣಿಗೂ ಬೀಳುವ ಮೊದಲೇ ಹೊಲ ಶುದ್ಧ ಮಾಡಿಬಿಡಬೇಕು.

ಮಂಡಿಯೂರಿ ಕುಳಿತ. ಒಂದೊಂದು ಗಿಡದ ಬುಡ ಬಿಡಿಸಿ, ಗಂಟುಗಳನ್ನು ಉಗುರಿನಿಂದ ಚಿವುಟಿ, ಮತ್ತೆ ಮಣ್ಣು ಮುಚ್ಚಿದ. ಮೂರು ದಿನದಲ್ಲಿ ಆರು ಸಾಲು ಮುಗಿಯಿತು.

ನಾಲ್ಕನೆಯ ದಿನ ಅತ್ತೆ ಬಂದಳು. ಮಗಳಿಗೆ ತಿಂಗಳ ಎಡೆ ಇಡಬೇಕಿತ್ತು. ಮನೆಯಲ್ಲಿ ಅಳಿಯ ಕಾಣದೆ ಹೊಲಕ್ಕೇ ಬಂದಳು.

"ಏನು ಅಳಿಯಂದ್ರೆ, ಗಿಡಕ್ಕೆ ಹೇನು ಹೆಕ್ತಿದ್ದೀರಾ?"

ಅವನು ತಲೆ ಎತ್ತಲಿಲ್ಲ. "ರೋಗ ತೆಗೀತಿದ್ದೀನಿ ಅತ್ತೆ. ಅವಳು ತಂದ ಮಣ್ಣಿಂದ ಬಂದದ್ದು. ಯಾರಿಗೂ ಹೇಳಬೇಡಿ."

ಅತ್ತೆ ಆರು ಸಾಲನ್ನೂ ನೋಡಿದಳು. ಮೊದಲ ಸಾಲುಗಳು ಆಗಲೇ ಬಿಳಚಿಕೊಂಡಿದ್ದವು. ಕೆಳಗೆ ಬಿದ್ದಿದ್ದ ಒಂದು ಗಂಟನ್ನು ಎತ್ತಿಕೊಂಡು, ಉಗುರಿನಿಂದ ಸೀಳಿ, ಅವನ ಅಂಗೈಯಲ್ಲಿ ಇಟ್ಟಳು.

ಒಳಗೆ ಕೆಂಪಗಿತ್ತು. ನೆತ್ತರಿನ ಕೆಂಪು.

ರೈತ ಅಂಗೈಯನ್ನು ಕಣ್ಣಿನ ಹತ್ತಿರಕ್ಕೆ ತಂದ. "ಗಿಡಕ್ಕೂ ರಕ್ತ ಇದೆಯಾ?"

"ಕೆಂಪಗಿದ್ದರೆ ಒಳಗೆ ಕೆಲಸ ನಡೀತಿದೆ ಅಂತ. ಗಂಟಿನೊಳಗಿರೋದು ಕಣ್ಣಿಗೆ ಕಾಣದ ಜೀವ. ನಮ್ಮ ಹೊಲದ ಮಣ್ಣಲ್ಲಿದ್ದವು, ನಿಮ್ಮ ಜಲ್ಲೀಲಿ ಇರಲಿಲ್ಲ. ಗಿಡ ಅವಕ್ಕೆ ತನ್ನ ಬೇರಲ್ಲೇ ಮನೆ ಕಟ್ಟಿಕೊಡುತ್ತೆ, ಉಣ್ಣೋಕೆ ಕೊಡುತ್ತೆ. ಅವು ಗಾಳಿಯಿಂದ ಗೊಬ್ಬರ ಮಾಡಿ ಗಿಡಕ್ಕೆ ಕೊಡ್ತವೆ. ಬೇರು ಗಟ್ಟಿಯಾಗುತ್ತೆ, ಬಿಸಿಲು ತಡೆಯುತ್ತೆ. ಇಪ್ಪತ್ತು ದಿನ ನಿಮ್ಮ ಹೊಲ ಯಾರ ಬಲದಲ್ಲಿ ನಿಂತಿತ್ತು ಅಂದ್ಕೊಂಡ್ರಿ?"

"ಎಷ್ಟಿರಬಹುದು ಅತ್ತೆ, ಇದರೊಳಗೆ?"

"ನಿಮ್ಮೂರು, ನಮ್ಮೂರು, ಸಂತೆಗೆ ಬರೋ ಊರಿನ ಜನ ಎಲ್ಲ ಸೇರಿದ್ರೂ ಈ ಒಂದು ಗಂಟಿನಷ್ಟು ಆಗಲ್ಲ."

ರೈತ ಅಂಗೈ ನೋಡಿದ. ಚಿವುಟಿ ಎಸೆದ ರಾಶಿ ನೋಡಿದ. ಆಮೇಲೆ ಇನ್ನೂ ಮುಟ್ಟದೆ ಉಳಿದ ಸಾಲುಗಳನ್ನು ನೋಡಿದ. ಆ ಕಡೆಯ ಬದುವಿನವರೆಗೂ ಹಸಿರು. ಅದರ ಕೆಳಗೆ, ಸದ್ದಿಲ್ಲದೆ, ಲೆಕ್ಕಕ್ಕೆ ಸಿಗದಷ್ಟು ಜೀವ ದುಡಿಯುತ್ತಿತ್ತು. ಒಬ್ಬ ಹೆಣ್ಣುಮಗಳು ಅಷ್ಟನ್ನೂ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ನಡೆದು ಬಂದಿದ್ದಳು. ಅವನು ನಕ್ಕಿದ್ದ.

ಮೆಟ್ಟು ಬಿಚ್ಚಿ ಬದುವಿನ ಮೇಲಿಟ್ಟ. ಬರಿಗಾಲಲ್ಲಿ ಸಾಲಿನ ನಡುವೆ ನಿಂತ. ಕಾಲು ಊರಲೂ ಭಯ, ಎತ್ತಲೂ ಭಯ.

ಮಳೆ ಬರಲು ಇನ್ನೂ ಒಂಬತ್ತು ದಿನ ಹಿಡಿಯಿತು. ಆರು ಸಾಲು ಒಣಗಿ ಹೋಯಿತು. ಉಳಿದದ್ದೆಲ್ಲ ಕಾಯಿ ಕಟ್ಟಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. "ರೈತ ಮಾಡಿದ್ದು ತಪ್ಪು, ಒಪ್ಪಿದೆ. ಆದರೆ ನಾನು ಕೇಳಿದ್ದು ನನ್ನ ವಿಷಯ," ಎಂದ ಶಿಷ್ಯ.

ಗುರುಗಳು ಎಂದರು: "ನಿನಗೆ ಅಂಟಿಕೊಂಡದ್ದು ಯಾವುದು ಎಂದು ಹೇಳಿದೆ, ಇಷ್ಟು ದಿನ ನಿನ್ನನ್ನು ಒಣಗಗೊಡದೆ ನಿಲ್ಲಿಸಿದ್ದು ಯಾವುದು ಎಂದು ಹೇಳಲಿಲ್ಲ."