ಯಾರದೂ ಅಲ್ಲದ ಮರ

ಎರಡು ದೇಶಗಳ ಗಡಿಯಲ್ಲಿ ಒಂದು ಹೆಮ್ಮರವಿತ್ತು. ಅದರ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿಯೊಂದು ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಮೊಟ್ಟೆಗಳ ಮೇಲೆ ಕೂತಿತ್ತು. ಆಗ ಗರಗಸ ಬಂತು.

“ಗಾಬರಿ ಬೇಡ, ನಾನು ಕಾನೂನಿಗೆ ತಲೆಬಾಗುವವನು,” ಎಂದಿತು ಗರಗಸ. “ಯಾರಿಗೂ ಸೇರದ ಮರವನ್ನಷ್ಟೇ ಕೊಯ್ಯುತ್ತೇನೆ.”

ಗಂಡು ಮಂಗಟ್ಟೆ ಈಚೆ ದೇಶದ ಕೋತಿಯ ಬಳಿಗೆ ಹಾರಿತು. “ತೀವ್ರ ಕಳವಳವಾಗಿದೆ,” ಎಂದಿತು ಕೋತಿ. “ಆದರೆ ಬೇರು ಆಚೆ ದೇಶದ್ದು.”

ಆಚೆ ದೇಶದ ಪುನುಗು ಬೆಕ್ಕಿಗೂ ಅಷ್ಟೇ ಕಳವಳವಾಯಿತು. “ಆದರೆ ನೆರಳು ಬೀಳುವುದು ಕೋತಿಯ ಕಡೆಗಲ್ಲವೇ?”

ಗರಗಸ ಹಲ್ಲು ಮಸೆಯತೊಡಗಿತು. ಗಂಡು ಹಕ್ಕಿ ಮರಳಿ ಬಂದು ಕೋತಿಯ ಕಿವಿಯಲ್ಲಿ ಹೇಳಿತು: “ಅಣ್ಣಾ, ಆ ಬೆಕ್ಕು ಮರ ತನ್ನದು ಅನ್ನುತ್ತಿದೆ.”

“ಅದರಪ್ಪನದಾ? ಮರ ನಮ್ಮದು!” ಕೋತಿ ಕೊಂಬೆ ಹತ್ತಿ ಕೂತಿತು.

ಬೆಕ್ಕು ಓಡಿಬಂದು ಬುಡ ತಬ್ಬಿಕೊಂಡಿತು. “ಇಳಿಯೋ ಕಳ್ಳ! ಇದು ತಾತನ ಕಾಲದಿಂದ ನಮ್ಮದು!”

“ವಿವಾದದ ಆಸ್ತಿ, ನನಗೆ ಬೇಡ,” ಎಂದು ಗರಗಸ ಹೊರಟುಹೋಯಿತು.

ಜಗಳ ಇನ್ನೂ ಬಗೆಹರಿದಿಲ್ಲ. ಈಚೆಗೆ ಎರಡೂ ದೇಶಗಳು ಅಕ್ಕಪಕ್ಕದ ಮರಗಳನ್ನೂ ತಮ್ಮದೆನ್ನುತ್ತಿವೆ. ಮಂಗಟ್ಟೆಯ ಮರಿಗಳು ಆ ಗದ್ದಲಕ್ಕೆ ಹೊಂದಿಕೊಂಡು, ಹಾರುವುದನ್ನೂ ಕಲಿತಿವೆ.