ತೆಗೆದುಹಾಕಿದ ಒಂದು ಸಾಲು

ಹೊಳೆಯಾಚೆಯ ಆಶ್ರಮದಲ್ಲಿ ಎಲ್ಲವನ್ನೂ ತ್ಯಜಿಸಿದ್ದರು, ವೆಬ್‌ಸೈಟೊಂದನ್ನು ಬಿಟ್ಟು. ದಿನಕ್ಕೊಂದು ಪುಟದಂತೆ ಗುರುಗಳ ಮಾತು ಅದರಲ್ಲಿ ಬರುತ್ತಿತ್ತು.

ಅಕ್ಷರದ ಗಾತ್ರ, ಬಣ್ಣ, ಅಂತರಗಳನ್ನೆಲ್ಲ ಹೇಳುವ ಸ್ಟೈಲ್‌ಶೀಟನ್ನು ಗುರುಗಳೇ ಹಿಂದೆ ಬರೆದಿದ್ದರು. ನಾನೂರು ಸಾಲು. ಯಾವುದು ಯಾಕೆ ಎಂದು ಒಂದು ಟಿಪ್ಪಣಿಯೂ ಇರಲಿಲ್ಲ.

ಅದನ್ನು ನೋಡಿಕೊಳ್ಳುವ ಕೆಲಸ ಶಿಷ್ಯ ವೃಷಭೇಂದ್ರನ ಪಾಲಿಗೆ ಬಂತು. ಎರಡೇ ದಿನದಲ್ಲಿ ಅವನು ಗೆಲುವಾಗಿ ಬಂದ.

"ನೂರಹತ್ತು ಸಾಲು ತೆಗೆದುಹಾಕಿದೆ, ಗುರುಗಳೇ."

"ಏನಿತ್ತು ಅದರಲ್ಲಿ?"

"ಕೆಲಸಕ್ಕೆ ಬಾರದ್ದು."

"ಹೇಗೆ ಗೊತ್ತಾಯಿತು?"

"ತೆಗೆದು ನೋಡಿದೆ. ನನ್ನ ಫೋನಿನಲ್ಲಿ ಏನೂ ಆಗಲಿಲ್ಲ."

ಗುರುಗಳು ನಕ್ಕು ಸ್ನಾನಕ್ಕೆ ಹೋದರು.

ತಿಂಗಳಾದ ಮೇಲೆ ಹಿರೇಹಳ್ಳದಿಂದ ನಡುವಯಸ್ಸಿನವನೊಬ್ಬ ಬಂದ. ವಸ್ತ್ರದಲ್ಲಿ ಸುತ್ತಿದ್ದ ಹಳೆಯ ಫೋನೊಂದನ್ನು ಗುರುಗಳ ಮುಂದಿಟ್ಟ.

"ನಮ್ಮ ಸೋದರತ್ತೆ ತಿಪ್ಪಮ್ಮನದು. ಹೋದ ವಾರ ತೀರಿಕೊಂಡರು. ಇದನ್ನು ಆಶ್ರಮಕ್ಕೇ ಕೊಡು ಅಂದಿದ್ದರು."

"ಕೊನೆಯವರೆಗೂ ನಮ್ಮ ಪುಟ ಓದುತ್ತಿದ್ದರೇ?"

"ಎಲ್ಲಿ ಸ್ವಾಮಿ! ಇಪ್ಪತ್ತು ದಿನ ಮುಟ್ಟಲಿಲ್ಲ. ಒಂದು ಬೆಳಿಗ್ಗೆ, 'ನನ್ನ ಕಣ್ಣು ಹೋಯಿತು ಕಣೋ' ಅಂತ ಎತ್ತಿಟ್ಟರು. ಡಾಕ್ಟರಿಗೆ ತೋರಿಸೋಣ ಅಂದರೆ, 'ಎಂಬತ್ತಾರು ವರ್ಷ ನೋಡಿದ್ದು ಸಾಲದೇನೋ' ಅಂದರು."

ಅವನು ಹೋದ ಮೇಲೆ ಗುರುಗಳು ಆ ಫೋನಿನಲ್ಲಿ ಅಂದಿನ ಪುಟ ತೆರೆದು ಶಿಷ್ಯನ ಕೈಗೆ ಕೊಟ್ಟರು.

"ಓದು."

ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಒತ್ತಕ್ಷರಗಳೆಲ್ಲ ಕೆಳಗಿನ ಸಾಲಿನೊಳಗೆ ಮುಳುಗಿದ್ದವು. ವೃಷಭೇಂದ್ರನ ಕಣ್ಣು ಚೆನ್ನಾಗಿಯೇ ಇತ್ತು. ಆದರೂ ಓದಲಾಗಲಿಲ್ಲ.

ಹಳೆಯ ಫೋನುಗಳಿಗೆಂದು ಸಾಲುಗಳ ನಡುವೆ ಜಾಗ ಬಿಡಿಸುವ ಸಾಲೊಂದು ಸ್ಟೈಲ್‌ಶೀಟಿನಲ್ಲಿತ್ತು. ಅದನ್ನು ಅಳಿಸುವಾಗ 'ಇಂಥ ಫೋನು ಈಗ ಯಾರ ಹತ್ತಿರ ಇದೆ' ಎಂದುಕೊಂಡದ್ದು ನೆನಪಾಯಿತು.

ಕೂತು ಆ ಸಾಲನ್ನು ಮತ್ತೆ ಸೇರಿಸಿದ. ಮೇಲೊಂದು ಟಿಪ್ಪಣಿಯನ್ನೂ ಬರೆದ: 'ಹಳೆಯ ಫೋನುಗಳಲ್ಲಿ ಸಾಲುಗಳ ಅಂತರ ಹೆಚ್ಚಿಸಿದೆ.'

ಗುರುಗಳು ಬಗ್ಗಿ ನೋಡಿದರು.

"ಅಷ್ಟನ್ನು ಆ ಸಾಲೇ ಹೇಳುತ್ತದೆ. ಯಾಕೆ ಅಂತ ಬರಿ."

ಅಳಿಸಿದ. ಮತ್ತೆ ಬರೆದ: 'ಹಿರೇಹಳ್ಳದ ತಿಪ್ಪಮ್ಮನವರು ಓದಲೆಂದು.'

ಬರೆದವನು ತಲೆಯೆತ್ತಲಿಲ್ಲ.

"ಈ ಒಂದು ಮಾತು ಮೊದಲೇ ಇಲ್ಲಿದ್ದಿದ್ದರೆ ನಾನು ಕೈಹಾಕುತ್ತಿರಲಿಲ್ಲ, ಗುರುಗಳೇ. ನೀವು ಯಾಕೆ ಬರೆದಿಡಲಿಲ್ಲ?"

ಗುರುಗಳು ಫೋನನ್ನು ಮತ್ತೆ ಅದೇ ವಸ್ತ್ರದಲ್ಲಿ ಸುತ್ತಿದರು.

"ನನಗೆ ಗೊತ್ತಿತ್ತಲ್ಲಪ್ಪ."