ಕಾಲು ಮುಂದಾಗಿ ಹುಟ್ಟಿದವಳು

ಕೇಳಿ, ಕೇಳಿ. ಎಲ್ಲೋ ಒಂದು ಊರು, ಯಾವುದೋ ಒಂದು ಕಾಲ. ಆ ಊರಲ್ಲಿ ಓಬಳಯ್ಯ ಅಂತ ಒಬ್ಬ ಕುಂಬಾರ ಇದ್ದನಂತೆ, ಅವನ ಹೆಂಡತಿ ಸಣ್ಣೀರಮ್ಮ. ಒಂದು ದಿನ ಕೆರೇಲಿ ಮಣ್ಣಿನ ಹೆಡಿಗೆ ಎತ್ತುವಾಗ ಓಬಳಯ್ಯನ ಸೊಂಟ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಕೂತರೆ ಏಳಕ್ಕಾಗದು, ಎದ್ದರೆ ಕೂರಕ್ಕಾಗದು. ಮಡಕೆ ಮಾಡೋ ತಿಗರಿ ಮೂಲೆ ಸೇರಿತು.

ಸಣ್ಣೀರಮ್ಮ ಮಾಡದ ಮದ್ದಿಲ್ಲ. ಲಕ್ಕಿಸೊಪ್ಪು ಬೇಯಿಸಿ ಶಾಖ ಕೊಟ್ಟಳು, ಹರಳೆಣ್ಣೆ ಕಾಯಿಸಿ ನೀವಿದಳು. ಒಬ್ಬ ಬಂದು ಸೊಂಟಕ್ಕೆ ಕೊಂಬು ಕಚ್ಚಿಸಿ, ಕೆಟ್ಟ ರಕ್ತ ಅಂತ ಹೀರಿದ. ಇನ್ನೊಬ್ಬ ಕಬ್ಬಿಣ ಕಾಯಿಸಿ ಬರೆ ಎಳೆದ. ಗಂಡ ಬಟ್ಟೆ ಕಚ್ಚಿಕೊಂಡು ಒಳಗೆ ಅತ್ತ, ಇವಳು ಹೊರಗೆ ನಿಂತು ಅತ್ತಳು. ಬರೆ ಮಾಯಿತು, ನೋವು ಮಾಯಲಿಲ್ಲ.

ಕೊನೆಗೆ ಊರಿನ ಹಿರೀಕ ಅಂದನಂತೆ: "ಕಾಲು ಮುಂದಾಗಿ ಹುಟ್ಟಿದವರು ಎಡಗಾಲಲ್ಲಿ ಒದ್ದರೆ ಸೊಂಟ ಬಿಡುತ್ತೆ ಕಣಪ್ಪ. ಅಂಥವರನ್ನ ಹುಡುಕಿಸು."

ಸಣ್ಣೀರಮ್ಮನ ಎದೆ ಝಲ್ ಅಂತು. ಅವಳೇ ಕಾಲು ಮುಂದಾಗಿ ಹುಟ್ಟಿದವಳು! ಅವಳನ್ನ ಹೆತ್ತ ಗಳಿಗೇಲೇ ಅವ್ವ ತೀರಿಕೊಂಡಿದ್ದಳು. ತಾಯಿನ ತಿಂದ ಕಾಲು ಅಂತ ಅವಳ ಮುಖ ನೋಡದ ಜನರ ನಡುವೆ ಬೆಳೆಸಿ, ಅಜ್ಜಿ ದೂರದ ಊರಿಗೆ ಮದುವೆ ಮಾಡಿ ಕಳಿಸಿದ್ದಳು. "ಸಾಯೋವರೆಗೂ ಬಾಯಿ ಬಿಡಬೇಡ ಮಗಾ" ಅಂದಿದ್ದಳು. ಈಗ ಹೇಳಿದರೆ ಮನೆ ಬಿಡಿಸ್ತಾರೆ. ಅದೂ ಅಲ್ಲದೆ, ಕಟ್ಟಿಕೊಂಡ ಗಂಡನ್ನ ಒದೆಯೋದುಂಟೇ?

ಏಳು ಊರು ಹುಡುಕಿದರಂತೆ. ಇದ್ದರೂ ಯಾರು ಹೇಳ್ಕೋತಾರೆ? ಗಂಡನ ನರಳಾಟ ಕೇಳಿ ಕೇಳಿ ಇವಳು ಕಡ್ಡಿಯಾದಳು.

ಒಂದು ಮಧ್ಯಾಹ್ನ ನೋಡಿದರೆ ಚಾಪೆ ಮೇಲೆ ಗಂಡನಿಲ್ಲ. ತೆವಳಿದ ಗುರುತು ಕೆರೆ ಕಡೆ ಹೋಗಿತ್ತು. ಓಡಿದಳು. ಓಬಳಯ್ಯ ದಂಡೇಲಿ ಬೋರಲು ಬಿದ್ದಿದ್ದ.

"ಸಾಯೋಣ ಅಂತ ಬಂದೆ ಕಣೇ. ಇನ್ನೆರಡು ಮಾರು ತೆವಳಕ್ಕೂ ಈ ಸೊಂಟ ಬಿಡಲಿಲ್ಲ. ನೀನೇ ತಳ್ಳಿಬಿಡು."

ಸಣ್ಣೀರಮ್ಮ "ಅವ್ವಾ!" ಅಂದು ಕಣ್ಣು ಮುಚ್ಚಿ ಎಡಗಾಲೆತ್ತಿ ಒದ್ದಳು. ಸೊಂಟದಲ್ಲಿ ಲಟಕ್ಕನೆ ಸದ್ದಾಯಿತು. ಓಬಳಯ್ಯ ಚೀರಿದ. ಆಮೇಲೆ ಮೆಲ್ಲಗೆ ಕೈಯೂರಿ, ಮಂಡಿಯೂರಿ, ಎದ್ದು ನಿಂತನಂತೆ.

ನಿಂತವನು ಅವಳ ಕಾಲನ್ನೇ ನೋಡಿದ. "ನೀನಾ? ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಇಟ್ಕೋತಿದ್ರಾ?"

ಅವನು ತಲೆ ತಗ್ಗಿಸಿ ಕೆರೆ ಏರಿ ಹತ್ತಿ ಹೊರಟುಬಿಟ್ಟ. ಇವಳು ಅಲ್ಲೇ ಕುಸಿದು ಕೂತಳು. ಸ್ವಲ್ಪ ದೂರ ಹೋದವನು ತಿರುಗಿ ಬಂದು, "ಏಳು. ಮತ್ತೆ ಹಿಡಿದರೆ ಯಾರು ಒದೀತಾರೆ? ಬಾ ಮನೆಗೆ" ಅಂದ.

ನನಗೋಸ್ಕರ ಕರೆದನೋ, ಕಾಲಿಗೋಸ್ಕರ ಕರೆದನೋ ಅಂತ ಅವಳಿಗೆ ಕೊನೇವರೆಗೂ ಗೊತ್ತಾಗಲಿಲ್ಲವಂತೆ. ಎದ್ದು ಹಿಂದೆ ಹೋದಳು.

ಸುದ್ದಿ ಹಬ್ಬಿ, ಸೊಂಟ ಹಿಡಿದವರೆಲ್ಲ ಅವಳ ಬಾಗಿಲಿಗೆ ಬಂದು ಬೋರಲು ಮಲಗಿದರು. ಒದೆಸಿಕೊಂಡು ಎದ್ದು ಹೋದರು. ಮದುವೆಗೆ, ಸೀಮಂತಕ್ಕೆ ಮಾತ್ರ ಅವಳನ್ನ ಒಬ್ಬರೂ ಕರೆಯಲಿಲ್ಲ.

ಅವಳ ನೋವು ಅವಳ ಹತ್ತಿರವೇ ಉಳೀತು, ಅವಳ ಕಥೆ ನಮ್ಮ ಹತ್ತಿರ ಬಂತು.